ಹಳಿ ಉಂಟು, ನಮ್ಮ ಹೊತ್ತಿಗೆ ರೈಲು ಬೇಕು

ಮಾರ್ಚ್ ತಿಂಗಳೆಂದರೆ ನಮ್ಮ ಗುಡ್ಡೆಯಲ್ಲಿ ಗೇರುಬೀಜ ಬೀಳುವ ಸಮಯ. ಅಂದಂದಿನ ಬೀಜ ಅಂದಂದೇ ಹೆಕ್ಕಬೇಕು. ಇಲ್ಲದಿದ್ದರೆ ಮುಳ್ಳುಹಂದಿಗೆ ಒಂದು ಪಾಲು, ಅಕಾಲ ಮಳೆಗೆ ಒಂದು ಪಾಲು. ಮಳೆಗೆ ನೆನೆದು ಕಪ್ಪಾದ ಬೀಜಕ್ಕೆ ಅಂಗಡಿಯಲ್ಲಿ ಮರ್ಯಾದೆ ಇಲ್ಲ. ಹೆಕ್ಕಲಿಕ್ಕೆ ಇರುವುದು ನಾನು, ನನ್ನ ಹೆಂಡತಿ. ಇಬ್ಬರ ಸೊಂಟವೂ ಈಗ ಮೊದಲಿನ ಹಾಗಿಲ್ಲ.

ನನ್ನದು ಲಾಯಿಲದಲ್ಲಿ ಎರಡೂಕಾಲು ಎಕ್ರೆ ಖುಷ್ಕಿ ಜಾಗ. ಬೋರು ಎರಡು ಸಲ ಕೊರೆಸಿದೆ. ಎರಡು ಸಲವೂ ಧೂಳು ಬಂತು, ಸಾಲ ಉಳಿಯಿತು. ಹಾಗಾಗಿ ಅಡಿಕೆಯ ಆಸೆ ಬಿಟ್ಟು ಗೇರು, ಕಾಡುಮರಕ್ಕೆ ಹಬ್ಬಿಸಿದ ಸ್ವಲ್ಪ ಕರಿಮೆಣಸು, ಮಳೆಗಾಲದಲ್ಲಿ ಮುಳ್ಳುಸೌತೆ, ಹೀರೆ, ಬೆಂಡೆ, ಮಳೆ ಬಿಟ್ಟ ಮೇಲೆ ಒಂದು ತುಂಡು ಜಾಗದಲ್ಲಿ ಹುರುಳಿ ಮಾಡುತ್ತೇನೆ. ನಾಲ್ಕು ತಿಂಗಳು ನೀರು ಬೇಡ ಬೇಡ ಎನ್ನುವಷ್ಟು, ಉಳಿದ ಎಂಟು ತಿಂಗಳು ಆಕಾಶ ನೋಡುವುದು. ಇದರಲ್ಲಿ ಇಬ್ಬರ ಊಟ ಸಾಗುತ್ತದೆ. ಮಗನ ಸಂಸಾರಕ್ಕೂ ಇದೇ ಸಾಕು ಎಂದು ಹೇಳುವ ಧೈರ್ಯ ನನಗಿಲ್ಲ.

ಮಗ ಐಟಿಐ ಮುಗಿಸಿ ಮಂಗಳೂರಿನ ಒಂದು ವರ್ಕ್‌ಶಾಪಿಗೆ ಸೇರಿದ. ಸುರುವಿಗೆ ಎಂಟು ತಿಂಗಳು ಮನೆಯಿಂದಲೇ ಹೋಗಿ ಬಂದ. ಬೆಳಗ್ಗೆ ಕತ್ತಲೆಗೆ ಹೊರಟರೆ ರಾತ್ರಿ ಮನೆ ಮುಟ್ಟುವಾಗ ಎಂಟೂವರೆ, ಒಂಬತ್ತು. ಬಸ್ಸಿನಲ್ಲಿ ಹೆಚ್ಚಿನ ದಿನ ನಿಂತೇ ಬರುವುದು. 2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ದರವೂ ಶೇಕಡಾ 15 ಏರಿತು. ಕೊನೆಗೆ "ಅಪ್ಪ, ನನ್ನಿಂದ ಆಗುವುದಿಲ್ಲ" ಎಂದು ಅಲ್ಲಿಯೇ ಇನ್ನಿಬ್ಬರ ಜೊತೆ ರೂಮು ಮಾಡಿದ. ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಸಂಬಳದ ಕಾಲು ಭಾಗ ಬಾಡಿಗೆಗೆ, ಮತ್ತೊಂದು ಕಾಲು ಹೋಟೆಲಿಗೆ. ಅವನಿಗೂ ಉಳಿತಾಯ ಇಲ್ಲ, ನನಗೂ ಜನ ಇಲ್ಲ.

ಕೃಷಿ ಪತ್ರಿಕೆಯಲ್ಲಿ ರೈಲಿನ ವಿಷಯ ಎಂತಕ್ಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ನಾವೆಲ್ಲ ಬರೆಯುತ್ತೇವೆ, ಮಾತಾಡುತ್ತೇವೆ. ಸಣ್ಣ ಹಿಡುವಳಿಯವರ ಮನೆಯಲ್ಲಿ ಆ ಜನ ಯಾರು? ನಮ್ಮ ಮಕ್ಕಳೇ. ಅವರು ಪೇಟೆಗೆ ದುಡಿಯಲು ಹೋದದ್ದು ತಪ್ಪಲ್ಲ. ಸಂಜೆ ಮನೆಗೆ ಬರಲು ದಾರಿ ಇಲ್ಲದ್ದು ತಪ್ಪು.

ನಮ್ಮ ಹಳಿಯ ಕತೆ

ಮಂಗಳೂರಿನಿಂದ ಬಂಟ್ವಾಳ, ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡಿಗೆ ಹಳಿ ಇದೆ. ಸುಬ್ರಹ್ಮಣ್ಯ ರೋಡ್ ಎಂದರೆ ನಮ್ಮ ನೆಟ್ಟಣ. ಅಲ್ಲಿಂದ ಘಾಟಿ ಹತ್ತಿ ಸಕಲೇಶಪುರ, ಹಾಸನ. 1979ರಲ್ಲಿ ಹಾಸನದವರೆಗಿನ ಈ ದಾರಿ ಪೂರ್ತಿಯಾದಾಗ ನಾನು ಶಾಲೆಗೆ ಹೋಗುವ ಹುಡುಗ. ನನ್ನ ಅಜ್ಜನ ಮನೆ ಕಾಣಿಯೂರಿನ ಹತ್ತಿರ. ರಜೆಯಲ್ಲಿ ಹೋದರೆ ಅತ್ತೆಯ ಜೊತೆ ಹರಿವೆ ಸೊಪ್ಪಿನ ಕಟ್ಟು, ಎಳೆ ಹಲಸಿನಕಾಯಿ ಹೊತ್ತು ಸ್ಟೇಷನಿಗೆ ನಡೆಯುವುದೇ ಒಂದು ಗಮ್ಮತ್ತು. ಅತ್ತೆ ಪುತ್ತೂರಿನಲ್ಲಿ ಮಾರಿ ಮಧ್ಯಾಹ್ನದ ಮೇಲೆ ಉಪ್ಪು, ಒಣಮೀನು ತೆಗೆದುಕೊಂಡು ಬರುತ್ತಿದ್ದರು. ಅದು ಸಣ್ಣ ಹಳಿಯ ನಿಧಾನದ ಗಾಡಿ. ಆದರೆ ಅದು ಸೊಪ್ಪು ಮಾರುವವರ ಹೊತ್ತಿಗೆ ಬರುತ್ತಿತ್ತು.

1996ರಲ್ಲಿ ದೊಡ್ಡ ಹಳಿ ಮಾಡಲೆಂದು ಘಾಟಿಯ ದಾರಿ ಮುಚ್ಚಿದರು. ಈಗ ಆಗುತ್ತದೆ, ಆಗ ಆಗುತ್ತದೆ ಎಂದು ಕಾದದ್ದೇ ಬಂತು. 2006ರಲ್ಲಿ ಮೊದಲು ಗೂಡ್ಸ್ ಓಡಿತು. ಬೆಂಗಳೂರಿಗೆ ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್ 8ಕ್ಕೆ. ಹನ್ನೊಂದು ವರ್ಷ! ಅಷ್ಟರೊಳಗೆ ಜನ ಬಸ್ಸು, ಜೀಪು, ಬೈಕಿಗೆ ಒಗ್ಗಿಹೋಗಿದ್ದರು. ಬಂದ ರೈಲುಗಳಲ್ಲಿ ಹೆಚ್ಚಿನವು ಬೆಂಗಳೂರಿನವರನ್ನು ಕರಾವಳಿಗೆ, ಕರಾವಳಿಯವರನ್ನು ಬೆಂಗಳೂರಿಗೆ ಮುಟ್ಟಿಸುವವು. ಅವು ಎಡಮಂಗಲ, ಕಾಣಿಯೂರು, ನರಿಮೊಗರಿನ ಬೋರ್ಡು ಕೂಡ ನೋಡದೆ ಓಡುತ್ತವೆ. ಅವು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ದಿನದ ಬಹುಪಾಲು ಹೊತ್ತು ಹಳಿಯ ಮೇಲೆ ಬಿಸಿಲು ಮಾತ್ರ ಓಡಾಡುವಾಗ, ಹಳಿಯ ಬದಿಯವರಿಗೆ ಒಂದೆರಡು ಗಾಡಿ ಹೆಚ್ಚಾಗುತ್ತದಾ?

ಜನ ಬಿಡಲಿಲ್ಲ, ಕೇಳುತ್ತ ಬಂದರು. ಪುತ್ತೂರಿನವರೆಗೆ ಬಂದು ಹಿಂದೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲನ್ನು ಮುಂದಕ್ಕೆ ಬಿಡಿ ಎಂಬ ಬೇಡಿಕೆ ಬಹಳ ವರ್ಷದ್ದು. 2025ರ ಏಪ್ರಿಲ್ 12ರಂದು ಕೇಂದ್ರದ ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅದಕ್ಕೆ ಹಸಿರು ನಿಶಾನೆ ತೋರಿಸಿದರು. ಈಗ ಬೆಳಗ್ಗೆ ಒಂದು, ಸಂಜೆ ಒಂದು ಜೋಡಿ ಸುಬ್ರಹ್ಮಣ್ಯ ರೋಡಿನವರೆಗೂ ಆಯಿತು. ಹೊಸ ಹಳಿ ಹಾಕಲಿಲ್ಲ, ಗುಡ್ಡ ಕಡಿಯಲಿಲ್ಲ. ಪುತ್ತೂರಿನಲ್ಲಿ ನಿಲ್ಲುತ್ತಿದ್ದ ಗಾಡಿ ಇನ್ನೂ ನಲ್ವತ್ತು ಚಿಲ್ಲರೆ ಕಿಲೋಮೀಟರ್ ಮುಂದೆ ಹೋಯಿತು, ಅಷ್ಟೇ. ಇಷ್ಟಕ್ಕೆ ಎಷ್ಟು ವರ್ಷ ಬೇಕಾಯಿತು ನೋಡಿ.

ಒಂದೇ ಕುಟುಂಬದ ಎರಡು ಮನೆ

ಕಾಣಿಯೂರಿನ ಬದಿಯಲ್ಲಿ ನನ್ನ ಸೋದರಮಾವನ ಮಗನಿಗೆ ಒಂದೂವರೆ ಎಕ್ರೆ ಜಾಗ ಇದೆ. ಅವನ ಮಗಳಿಗೆ ಮಂಗಳೂರಿನಲ್ಲಿ ಲ್ಯಾಬೊಂದರಲ್ಲಿ ಕೆಲಸ. ಮೊದಲು ಹಾಸ್ಟೆಲಿನಲ್ಲಿದ್ದಳು. ರೈಲು ಮುಂದಕ್ಕೆ ಬಂದ ಮೇಲೆ ಒಂದು ತಿಂಗಳು ನೋಡಿ, ಪಾಸು ಮಾಡಿಸಿ, ಮನೆಯಿಂದಲೇ ಹೋಗುತ್ತಿದ್ದಾಳೆ. ಬೆಳಗ್ಗೆ ಹೊರಡುವ ಮೊದಲು ದನದ ಹಾಲು ಕರೆದು ಡಿಪೋಗೆ ಕೊಡುವುದು ಅವಳದೇ ಕೆಲಸ. ಹಾಸ್ಟೆಲಿಗೆ ಕಟ್ಟುತ್ತಿದ್ದ ದುಡ್ಡಿನಲ್ಲಿ ಎರಡನೇ ದನ ಬಂತು. ಅವಳು ಹೊರಡುವ ದಿನ ದನ ಮಾರುವ ಮಾತಾಡಿದ್ದ ಅಪ್ಪ ಈಗ ಹುಲ್ಲು ನೆಟ್ಟಿದ್ದಾನೆ.

ಇತ್ತ ನನ್ನ ಮನೆ. ನನ್ನ ಮಗನೂ ಅದೇ ಊರಿಗೆ ದುಡಿಯಲು ಹೋದವ. ಅವನ ಕೋಣೆಗೆ ಬಾಡಿಗೆ ಹೋಗುತ್ತದೆ, ನನ್ನ ಗುಡ್ಡೆಯಲ್ಲಿ ಬೀಜ ಮುಳ್ಳುಹಂದಿಗೆ ಹೋಗುತ್ತದೆ. ಬುದ್ಧಿಯಲ್ಲೋ ಮೈಗಳ್ಳತನದಲ್ಲೋ ವ್ಯತ್ಯಾಸ ಇಲ್ಲ. ಅವಳ ಮನೆಯ ಹತ್ತಿರ ಸ್ಟೇಷನ್ ಉಂಟು, ನಮ್ಮಲ್ಲಿ ಇಲ್ಲ.

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಬೆಳ್ತಂಗಡಿ ತಾಲೂಕಿನ ನಮಗೆ ಬಂಟ್ವಾಳದ ಸ್ಟೇಷನೂ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ, ಪುತ್ತೂರಿನದೂ ಹಾಗೆಯೇ. ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಿ.ಸಿ.ರೋಡಿಗೆ ಬಸ್ಸಿನಲ್ಲಿ ಬಂದು, ಇಳಿದು, ಸ್ಟೇಷನಿಗೆ ನಡೆದು, ರೈಲು ಬರುವವರೆಗೆ ಕಾದರೆ ಅದೇ ಬಸ್ಸಿನಲ್ಲಿ ಕೂತವ ನಮಗಿಂತ ಮೊದಲು ಮಂಗಳೂರು ಮುಟ್ಟಬಹುದು. ರೈಲು ಇದ್ದರೆ ಸಾಲದು, ಬಸ್ಸೂ ಅದೇ ಹೊತ್ತಿಗೆ ಬರಬೇಕು. ಬಂಟ್ವಾಳದ ಸ್ಟೇಷನ್ ಇರುವುದು ಬಿ.ಸಿ.ರೋಡಿನಲ್ಲೇ. ರೈಲಿಗೆ ಕಾಲು ಗಂಟೆ ಮೊದಲು ಬೆಳ್ತಂಗಡಿ ಬಸ್ಸು, ಸಂಜೆ ರೈಲು ಬಂದು ಕಾಲು ಗಂಟೆಗೆ ಬೆಳ್ತಂಗಡಿ ಬಸ್ಸು ಎಂದಾದರೆ ನಮ್ಮ ತಾಲೂಕಿಗೂ ಅರ್ಧ ಸ್ಟೇಷನ್ ಸಿಕ್ಕಿದ ಹಾಗೆ.

ಬೇರೆಯವರದ್ದು ನೋಡಿ ಕಲಿಯುವುದು

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯನ್ನೇ ನಂಬಿದ್ದ ಊರು ಖಾಲಿಯಾಗಬೇಕಿತ್ತು. ಆಗಲಿಲ್ಲ. ಕಾರಣ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲು. ಗಣಿಗೆಂದು ಹಾಕಿದ ಆ ತುಂಡು ಹಳಿಯ ಮೇಲೆ ಈಗಲೂ ಸಾವಿರಾರು ಜನ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ತಮ್ಮ ಮನೆಗೇ ಬರುತ್ತಾರೆ. ಅವರ ಕಷ್ಟ ಸಣ್ಣದಲ್ಲ, ನಿದ್ದೆ ರೈಲಿನಲ್ಲೇ. ಆದರೆ ಮನೆ, ನೆರೆಕರೆ, ಮಕ್ಕಳ ಶಾಲೆ ಉಳಿಯಿತು.

ಇದಕ್ಕೆ ವಿರುದ್ಧದ ಪಾಠವೂ ಇದೆ. ಚಿಕ್ಕಬಳ್ಳಾಪುರದ ಹಳಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ ಹಾಲ್ಟ್ ಮಾಡಿ 2021ರ ಜನವರಿಯಲ್ಲಿ ರೈಲು ಬಿಟ್ಟರು. ಬಸ್ಸು, ಟ್ಯಾಕ್ಸಿಗಿಂತ ಟಿಕೆಟು ತುಂಬ ಕಡಿಮೆ. ಆದರೂ ಜನ ಹತ್ತುವುದಿಲ್ಲ ಎಂಬ ಮಾತು ಬೇಗನೆ ಬಂತು. ಗಾಡಿ ನಾಲ್ಕೋ ಐದೋ ಇದ್ದು, ವಿಮಾನ ಹಗಲು ರಾತ್ರಿ ಹಾರುವಾಗ ಜನ ಎಲ್ಲಿಂದ ಹತ್ತಬೇಕು? ಹೊತ್ತು ಕೂಡದ ರೈಲು ಬಿಟ್ಟು, ಖಾಲಿ ಓಡಿಸಿ, ಕೊನೆಗೆ ಜನರಿಗೇ ಬೇಡ ಎಂದು ಬರೆದಿಡುವುದು ಹಳೆಯ ಕ್ರಮ. ನಮ್ಮ ಹಳಿಗೂ ಇದೇ ಭಯ.

ಮಗ ಮೊಬೈಲಿನಲ್ಲಿ ಓದಿ ಹೇಳಿದ ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ ಆಶಿಂಗ್ಟನ್ ಎಂಬ ಕಲ್ಲಿದ್ದಲ ಗಣಿಯ ಊರು. ಅಲ್ಲಿಂದ ನ್ಯೂಕ್ಯಾಸಲ್ ಪೇಟೆಗೆ ಇದ್ದ ಜನರ ರೈಲನ್ನು 1964ರಲ್ಲಿ ನಿಲ್ಲಿಸಿದರು. ಹಳಿ ಕೀಳಲಿಲ್ಲ, ಗೂಡ್ಸ್ ಓಡುತ್ತಿತ್ತು. ಗಣಿ ಮುಚ್ಚಿ, ಊರು ಸೊರಗಿ, ಜನ ವರ್ಷಗಟ್ಟಲೆ ಕೇಳಿ ಕೇಳಿ 2024ರ ಡಿಸೆಂಬರ್ 15ರಂದು ಪುನಃ ಜನರ ರೈಲು ಬಂತು. ಅರುವತ್ತು ವರ್ಷ! ಅಷ್ಟು ಶ್ರೀಮಂತ ದೇಶಕ್ಕೂ ನಿಲ್ಲಿಸಲಿಕ್ಕೆ ಒಂದು ಆರ್ಡರು ಸಾಕಾಯಿತು, ಪುನಃ ಸುರು ಮಾಡಲಿಕ್ಕೆ ಎರಡು ತಲೆಮಾರು ಹೋಯಿತು. ಹಾಗಾಗಿ ಇದ್ದದ್ದನ್ನು ನಿಲ್ಲಿಸಲು ಬಿಡಬಾರದು ಎಂದು ನನ್ನ ಅಭಿಪ್ರಾಯ.

ಬೇಡ ಎನ್ನುವವರ ಮಾತು

"ಬಸ್ಸು ಬೇಕಷ್ಟು ಉಂಟಲ್ಲ, ಹೆಂಗಸರಿಗೆ ಫ್ರೀ ಬೇರೆ" ಎನ್ನುವವರಿದ್ದಾರೆ. ಸರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನನ್ನ ಹೆಂಡತಿ ಸರಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಆಸ್ಪತ್ರೆಗೆ ಹೋಗಿ ಬರುತ್ತಾಳೆ. ದೊಡ್ಡ ಉಪಕಾರ. ಆದರೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಬಸ್ಸಿಗೆ ಕಾಲಿಡಲಿಕ್ಕೆ ಜಾಗ ಇರಬೇಕಲ್ಲ. ಕಲ್ಲಡ್ಕದಲ್ಲಿ ಮೇಲ್ಸೇತುವೆ ಕೆಲಸ ಆಗುತ್ತಿದ್ದ ವರ್ಷಗಳಲ್ಲಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು ತಿಂದು ಗಂಟೆಗಟ್ಟಲೆ ನಿಂತವರಿಗೆ ಗೊತ್ತು. ಅಲ್ಲಿಂದ ದೂರ ಇಲ್ಲದ ನೇರಳಕಟ್ಟೆಯಲ್ಲಿ ಹಳಿ ಖಾಲಿ ಬಿದ್ದಿತ್ತು. ಬಸ್ಸನ್ನು ತೆಗೆಯಿರಿ ಎಂದು ಯಾರೂ ಹೇಳುವುದಿಲ್ಲ. ಒಂದೇ ಎತ್ತಿನ ಮೇಲೆ ಎಲ್ಲ ಹೊರೆ ಹಾಕಬೇಡಿ ಎಂದಷ್ಟೇ.

"ಸಣ್ಣ ರೈಲಿನಿಂದ ಇಲಾಖೆಗೆ ನಷ್ಟ" ಎನ್ನುವುದು ಎರಡನೇ ಮಾತು. ಪ್ಯಾಸೆಂಜರಿನ ಕನಿಷ್ಠ ಟಿಕೆಟು 10 ರೂಪಾಯಿ. ಇದರಲ್ಲಿ ಲಾಭ ಬರುವುದಿಲ್ಲ ಎಂದು ಏಳನೇ ಕ್ಲಾಸು ಓದಿದ ನನಗೂ ಗೊತ್ತು. ಆದರೆ ಊರಿನ ರಸ್ತೆಗೆ ಡಾಂಬರು ಹಾಕುವಾಗ ಈ ರಸ್ತೆ ಎಷ್ಟು ಲಾಭ ತರುತ್ತದೆ ಎಂದು ಯಾರು ಕೇಳುತ್ತಾರೆ? ಬೆಂಗಳೂರಿನ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ಕೊಟ್ಟರು. 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನಿನಲ್ಲಿ ಅದರ ಶಂಕುಸ್ಥಾಪನೆ ಆಯಿತು. ಅವರಿಗೂ ಬೇಕು, ನನಗೆ ಹೊಟ್ಟೆಕಿಚ್ಚಿಲ್ಲ. ನಾವು ಕೇಳುವುದು ಹಾಕಿಟ್ಟ ಹಳಿಯ ಮೇಲೆ ಸರಿಯಾದ ಹೊತ್ತಿಗೆ ಇನ್ನೊಂದು ಗಾಡಿ.

ಮೂರನೆಯದ್ದು ಯಜಮಾನರ ಸಮಸ್ಯೆ. ಮಂಗಳೂರಿನ ಸ್ಟೇಷನುಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಪುತ್ತೂರು, ಸುಬ್ರಹ್ಮಣ್ಯದ ಕಡೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ಉತ್ತರಕ್ಕೆ ತೋಕೂರಿನಿಂದ ಕೊಂಕಣ ರೈಲ್ವೆ. ಒಂದು ಜಾಗಕ್ಕೆ ಮೂರು ಪಾಲುದಾರರಾದರೆ ಬೇಲಿ ಯಾರು ಹಾಕುವುದು ಎಂಬ ರಗಳೆ ಕೃಷಿಕರಿಗೆ ಹೊಸತಲ್ಲ. ಆದರೆ ಆ ರಗಳೆ ಅವರೊಳಗೆ ಇರಲಿ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಗಡಿ ಕಾಣುವುದಿಲ್ಲ.

ಹೊಸ ಹಳಿಯ ಆಸೆ ಬಗ್ಗೆ

ನಮ್ಮ ತಾಲೂಕಿನಲ್ಲಿ ವೋಟು ಬಂದಾಗ "ಬೆಳ್ತಂಗಡಿಗೂ ರೈಲು" ಎಂಬ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ ಬೇರೆ ಅನಿಸುತ್ತದೆ. ಹೊಸ ಹಳಿ ಆಕಾಶದಲ್ಲಿ ಬರುವುದಿಲ್ಲ, ಯಾರದ್ದೋ ತೋಟ, ಯಾರದ್ದೋ ಗುಡ್ಡೆಯ ಮೇಲೆ ಬರಬೇಕು. ಎರಡೂಕಾಲು ಎಕ್ರೆಯವನ ಜಾಗದ ನಡುವೆ ಹೋದರೆ ಉಳಿದ ತುಂಡಿನಲ್ಲಿ ಎಂತ ಮಾಡುವುದು? ಪರಿಹಾರದ ಹಣ ಬರುವಾಗ ಮಗನಿಗೆ ಮಗ ಹುಟ್ಟಿರುತ್ತಾನೆ. ಇರುವ ಹಳಿಯನ್ನು ಸರಿಯಾಗಿ ಉಪಯೋಗಿಸಿ, ಅದಕ್ಕೆ ಬಸ್ಸು ಜೋಡಿಸಿ ನೋಡೋಣ. ಅದು ತುಂಬಿ ತುಳುಕಿದರೆ ಮತ್ತೆ ಹೊಸತರ ಮಾತು.

ನಾವು ಕೇಳಬೇಕಾದ್ದು

ಬೇಡಿಕೆ ಉದ್ದ ಮಾಡಿದರೆ ಫೈಲು ದಪ್ಪ ಆಗುತ್ತದೆ, ಕೆಲಸ ಆಗುವುದಿಲ್ಲ. ನಾಲ್ಕೇ ಸಾಕು.

1. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಾಗಾಗಿ ನಿಮಿಷದ ಲೆಕ್ಕ ಬರೆಯುವುದಿಲ್ಲ. ಕೆಲಸ ಸುರುವಾಗುವ ಅರ್ಧ ಗಂಟೆ ಮೊದಲು ಮಂಗಳೂರು ಮುಟ್ಟುವ, ಕೆಲಸ ಬಿಟ್ಟವ ಓಡದೆ ಹಿಡಿಯಬಹುದಾದ ರೈಲು ಬೇಕು. ಕಾಣಿಯೂರಿನ ಹುಡುಗಿಯ ಲ್ಯಾಬಿನವರು ಸ್ವಲ್ಪ ತಡವಾದರೆ ಹೊಂದಿಸಿಕೊಳ್ಳುತ್ತಾರೆ. ವರ್ಕ್‌ಶಾಪಿನಲ್ಲಿ ಹಾಗಲ್ಲ, ತಡವಾದರೆ ಅರ್ಧ ದಿನದ ಸಂಬಳ ಹೋಯಿತು.

2. ಒಮ್ಮೆ ಬಿಟ್ಟ ರೈಲನ್ನು ಕನಿಷ್ಠ ಎರಡು ವರ್ಷ ತಪ್ಪದೆ ಓಡಿಸಬೇಕು. ಗೇರು ಗಿಡ ನೆಟ್ಟು ಆರು ತಿಂಗಳಿಗೆ ಬೀಜ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ರೂಮು ಬಿಟ್ಟು ಊರಿಗೆ ಬರುವವನಿಗೆ ರೈಲು ನಾಳೆಯೂ ಇರುತ್ತದೆ ಎಂಬ ಧೈರ್ಯ ಬೇಕು. ಘಾಟಿಯ 55 ಕಿಲೋಮೀಟರಿಗೆ ವಿದ್ಯುತ್ ತಂತಿ ಎಳೆಯಲು 2025ರ ಜೂನಿನಿಂದ ಹಗಲಿನ ಬೆಂಗಳೂರು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಅಂಥ ಕೆಲಸ ಬಂದಾಗಲೂ ಘಾಟಿಯ ಕೆಳಗಿನ ಗಾಡಿಗೆ ಕೈ ಹಚ್ಚಬಾರದು.

3. ಬಿ.ಸಿ.ರೋಡು ಮತ್ತು ಪುತ್ತೂರಿನಲ್ಲಿ ರೈಲಿನ ಹೊತ್ತಿಗೆ ಬೆಳ್ತಂಗಡಿ, ಉಪ್ಪಿನಂಗಡಿ, ವಿಟ್ಲದ ಬಸ್ಸು ಜೋಡಿಸಬೇಕು. ಇದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ರೈಲ್ವೆಯವರೂ ಸಾರಿಗೆ ಸಂಸ್ಥೆಯವರೂ ಒಂದು ದಿನ ಒಂದೇ ಮೇಜಿನಲ್ಲಿ ಕೂತರೆ ಮುಗಿಯಿತು.

4. ಮುಂಬೈಯ ಲೋಕಲ್ ರೈಲಿನಲ್ಲಿ ಮಾರಾಟಗಾರರ ಸಾಮಾನಿಗೆಂದೇ ಡಬ್ಬಿ ಇರುತ್ತದೆ. ನಮಗೆ ಅರ್ಧ ಡಬ್ಬಿ ಸಾಕು. ಸೆಕೆಂಡ್ ಕ್ಲಾಸ್ ಟಿಕೆಟಿನಲ್ಲಿ 35 ಕಿಲೋ ಸಾಮಾನು ಬಾಡಿಗೆ ಇಲ್ಲದೆ ಒಯ್ಯಬಹುದು. ಅಂದರೆ ಒಂದು ದೊಡ್ಡ ಚೀಲ ಮುಳ್ಳುಸೌತೆ. ಇಡಲಿಕ್ಕೆ ಜಾಗ ಇದ್ದರೆ ಸಣ್ಣವರ ತರಕಾರಿ ಮಂಗಳೂರಿನ ಮಾರ್ಕೆಟ್ಟಿಗೆ ತಾನಾಗಿ ಹೋಗುತ್ತದೆ.

ನಾವು ಮಾಡಬೇಕಾದ್ದು

ಕೇಳುವುದಷ್ಟೇ ಅಲ್ಲ, ನಮ್ಮ ಪಾಲಿನದ್ದೂ ಇದೆ. ಸಣ್ಣ ಹಾಲ್ಟುಗಳಲ್ಲಿ ಟಿಕೆಟು ಕೊಡುವವರು ಇಲಾಖೆಯ ನೌಕರರಲ್ಲ, ಕಮಿಷನ್ನಿನ ಏಜೆಂಟರು. "ಹತ್ತು ರೂಪಾಯಿಯ ದಾರಿಗೆ ಎಂತ ಟಿಕೆಟು, ಯಾರು ನೋಡುತ್ತಾರೆ" ಎಂದು ಹತ್ತಿ ಕೂರುವವರನ್ನು ನಾನೇ ನೋಡಿದ್ದೇನೆ. ಸಣ್ಣವನಿದ್ದಾಗ ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಟಿಕೆಟು ತೆಗೆಸದವ ಇಲಾಖೆಯ ಲೆಕ್ಕದಲ್ಲಿ ರೈಲು ಹತ್ತಲೇ ಇಲ್ಲ. ನೂರು ಜನ ಹತ್ತಿ ಮೂವತ್ತು ಟಿಕೆಟು ಹೋದರೆ ಆ ಸ್ಟೇಷನಿನಲ್ಲಿ ಮೂವತ್ತೇ ಜನ. ನಾಳೆ ನಿಲುಗಡೆ ರದ್ದಾದರೆ ಆಗ ಧರಣಿ ಕೂತು ಪ್ರಯೋಜನ ಇಲ್ಲ. ದಿನವೂ ಹೋಗುವವರು ಪಾಸು ಮಾಡಿಸಿ. ದಿನದಿನದ ಟಿಕೆಟಿಗಿಂತ ಅದು ಎಷ್ಟೋ ಕಡಿಮೆ ಬೀಳುತ್ತದೆ, ಲೆಕ್ಕದಲ್ಲೂ ನೀವಿರುತ್ತೀರಿ.

ಇನ್ನೊಂದು ಕೆಲಸ. ಹಳಿಯ ಬದಿಯ ಊರಿನವರೂ, ನಮ್ಮ ಹಾಗೆ ಬಸ್ಸು ಹತ್ತಿ ಬರಬೇಕಾದವರೂ ತಮ್ಮ ಬೈಲಿನಲ್ಲಿ ಎಷ್ಟು ಮನೆಯಿಂದ ಎಷ್ಟು ಜನ ಮಂಗಳೂರಿಗೆ ದಿನವೂ ಹೋಗುತ್ತಾರೆ, ಎಷ್ಟು ಮಕ್ಕಳು ರೂಮು ಮಾಡಿಕೊಂಡಿದ್ದಾರೆ, ಯಾವ ಹೊತ್ತಿಗೆ ರೈಲು ಬಂದರೆ ಊರಿಗೆ ಮರಳುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪಂಚಾಯತಿನ ಮೂಲಕ ಸಂಸದರಿಗೆ, ಮೈಸೂರು ಮತ್ತು ಪಾಲಕ್ಕಾಡ್ ವಿಭಾಗದ ರೈಲ್ವೆ ಕಚೇರಿಗೆ ಕಳಿಸಿ, ಪತ್ರಿಕೆಗೂ ಒಂದು ಪ್ರತಿ ಇರಲಿ. ಬರಿಯ ಮನವಿಗಿಂತ ಲೆಕ್ಕ ಇರುವ ಮನವಿ ಓದಿಸಿಕೊಳ್ಳುತ್ತದೆ.

ನಮ್ಮ ಬೈಲಿನದ್ದು ನಾನು ಸುರು ಮಾಡಿದ್ದೇನೆ. ಹದಿನೆಂಟು ಮನೆ ಕೇಳಿ ಆಯಿತು. ಏಳು ಮನೆಯ ಒಂಬತ್ತು ಮಕ್ಕಳು ಮಂಗಳೂರಿನಲ್ಲಿ ರೂಮಿನಲ್ಲಿದ್ದಾರೆ. ರೈಲು, ಬಸ್ಸು ಎರಡೂ ಹೊತ್ತಿಗೆ ಕೂಡಿದರೆ ಮನೆಯಿಂದ ಹೋಗುತ್ತೇವೆ ಎಂದವರು ಐದು ಜನ. ಅದರಲ್ಲಿ ಒಬ್ಬ ನನ್ನ ಮಗ. "ಎಂಟು ಗಂಟೆಯ ಒಳಗೆ ಮನೆ ಮುಟ್ಟುವುದಾದರೆ ಬರುತ್ತೇನೆ, ಬೆಳಗ್ಗೆ ಒಂದು ಗಂಟೆ ಬೀಜ ಹೆಕ್ಕಿ ಹೋಗಬಹುದು" ಎಂದಿದ್ದಾನೆ. ಉಳಿದ ಮನೆಗಳಿಗೆ ಬರುವ ಭಾನುವಾರ ಹೋಗಬೇಕು.